ಪ್ಲೂಟೊಗೆ ಎರಡು ಫೋಟೋ ಬೇಕ್ರಿ

ಕರಿ ಆಕಾಶ, ನಡುವೆ ಒಂದು ಕೆಂಪು ಬಾಣ. 'ಇದೇ ಪ್ಲೂಟೊ, ನಮ್ಮ ಟೆರೇಸಿನಿಂದ' ಅಂತ ಫೋಟೋ ಹಂಚುವವರ ಮೇಲೆ ನನ್ನದೊಂದು ತಕರಾರಿದೆ. ಆ ಚುಕ್ಕಿ ನಕ್ಷತ್ರ ಅಲ್ಲ ಅಂತ ಹೆಂಗ್ ನಂಬಲಿ? ಬಣ್ಣ ಏರಿಸಿದ ನೆಬ್ಯುಲಾಗೆ ಒಂದು ಫೋಟೋ ಸಾಕು. ಪ್ಲೂಟೊ ಬರಿಗಣ್ಣಿಗೆ ಕಾಣುವ ಕೊನೆಯ ಚುಕ್ಕಿಗಿಂತ ಸುಮಾರು 2,000 ಪಟ್ಟು ಮಂಕು. ನಮ್ಮಂಥವರ ಟೆಲಿಸ್ಕೋಪಿನಲ್ಲಿ ಅದು ಬರೀ ಚುಕ್ಕಿ. ಸರಿದಾಗಷ್ಟೇ ಗುರುತು ಸಿಗೋದು.

1930ರಲ್ಲಿ ಕ್ಲೈಡ್ ಟಾಂಬೊ ಮಾಡಿದ್ದೂ ಅದನ್ನೇ. ಜನವರಿ 23 ಮತ್ತು 29ರ ಎರಡು ಗಾಜಿನ ಪ್ಲೇಟುಗಳನ್ನು ಅದಲುಬದಲು ಮಾಡಿ ನೋಡುವಾಗ ಒಂದು ಚುಕ್ಕಿ ಜಿಗಿಯಿತು. ಆತ ರೈತನ ಮಗ, ವಯಸ್ಸು 24, ಆಗಿನ್ನೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ.

ಬುದ್ಧಿ ಹೇಳೋ ನಾನೇ ಕೋಟನೂರಿನ ಮಾಳಿಗೆ ಮೇಲೆ ಎಡವಿದೆ. ಪ್ಲೂಟೊ ರಾತ್ರಿಯಿಡೀ ಸಿಗೋದು ಜುಲೈ ಕೊನೆಗೆ. ಆಗ ತೊಗರಿಗೆ ಮಳೆ ಬೇಕು, ಮೋಡ ಹೋಗಲಿ ಅನ್ನೋಕೆ ಬಾಯಿ ಬರಲ್ಲ. ಹಂಗಾಗಿ 2024ರ ಅಕ್ಟೋಬರ್ ನಡುವೆ, ನಾಲ್ಕು ದಿನ ಬಿಟ್ಟು ಎರಡು ಫೋಟೋ ತೆಗೆದೆ. ಚುಕ್ಕಿ ಜಪ್ಪಯ್ಯ ಅನ್ನಲಿಲ್ಲ. ನಕ್ಷತ್ರವೇ ಇರಬೇಕು ಅಂತ ಅಳಿಸೋಕೆ ಹೊರಟಿದ್ದೆ. ಆಮೇಲೆ ಓದಿದೆ: ಭೂಮಿಯ ಓಟದಿಂದಾಗಿ ಹಿಂದಕ್ಕೆ ಸರಿಯುವಂತೆ ಕಾಣುವ ಪ್ಲೂಟೊ, ಮುಂದಕ್ಕೆ ತಿರುಗೋ ಮುನ್ನ ಸರಿಯಾಗಿ ಆ ದಿನಗಳಲ್ಲೇ ನಿಂತಂತಿರುತ್ತದೆ!

ನವೆಂಬರಿನಲ್ಲಿ ಮತ್ತೆ ತೆಗೆದೆ. ಸರಿದಿತ್ತು. ಅವ್ವನಿಗೆ ತೋರಿಸಿದರೆ, "ಎರಡೂ ಒಂದೇ ಅವಲ್ಲೋ, ಇದಕ್ಕ ನಿದ್ದಿಗೆಟ್ಟೀ?" ಅಂದಳು.

ಎಡಕ್ಕೆ ಅಕ್ಟೋಬರ್, ಬಲಕ್ಕೆ ನವೆಂಬರ್ ಇಟ್ಟು ಗೆಳೆಯರಿಗೆ ಕಳಿಸಿದೆ. ಬಾಣ ಹಾಕಲಿಲ್ಲ.