ಹುಂಜ ಕೂಗದ ಊರು

ಪರೀಕ್ಷೆಗಾಗಿ ಮಾಡಿದ ಕೃತಿಯನ್ನು ಕೃತಿಯೆಂದೇ ಎಣಿಸಿ ವಿಮರ್ಶಿಸುವ ರೂಢಿ ನಮ್ಮಲ್ಲಿಲ್ಲ. ಅದಕ್ಕೆ ಅಂಕ ಹಾಕುವವರುಂಟು, ಬೆಲೆ ಕಟ್ಟುವವರಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿಗಳಂಥ ಊರುಗಳ ಕಾಲೇಜುಗಳಲ್ಲಿ ಪದವಿಯ ಕೊನೆಯ ಪ್ರಾಜೆಕ್ಟ್ ಎಂದರೆ ಹಿಂದಿನ ವರ್ಷದವರ ವರದಿಯನ್ನು ಮುಂದಿಟ್ಟುಕೊಂಡು ಬರೆದು, ಝೆರಾಕ್ಸ್ ಅಂಗಡಿಯಲ್ಲಿ ಬೈಂಡ್ ಮಾಡಿಸಿ, ಕಪಾಟಿಗೆ ಸೇರಿಸತಕ್ಕ ವಸ್ತು ಎಂಬ ಭಾವನೆ ಬೆಳೆದುಬಿಟ್ಟಿದೆ. ಇಂಥ ಹೊತ್ತಿನಲ್ಲಿ ಒಂದು ಪರೀಕ್ಷೆಯ ಕೃತಿಯನ್ನೇ ಎತ್ತಿಕೊಂಡು ಅದರ ಗುಣದೋಷಗಳನ್ನು ಸಾವಧಾನವಾಗಿ ನೋಡುವುದು ಅಗತ್ಯವೆಂದು ನನಗೆ ತೋರುತ್ತದೆ.

ನಾನು ಹೇಳಹೊರಟಿರುವುದು ಚಿದಾನಂದ ಎಸ್. ನಾಯ್ಕ ಅವರ ಕಿರುಚಿತ್ರವನ್ನು ಕುರಿತು. ಅದರ ಇಂಗ್ಲಿಷ್ ಹೆಸರು 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ'. 'ಮೊದಲು ತಿಳಿದದ್ದು ಸೂರ್ಯಕಾಂತಿಗಳಿಗೆ' ಎಂದು ನಾವು ಹೇಳಿಕೊಳ್ಳಬಹುದು. ವೈದ್ಯಶಿಕ್ಷಣ ಮುಗಿಸಿದ ನಾಯ್ಕರು ಪುಣೆಯ ಚಲನಚಿತ್ರ ಮತ್ತು ಟೆಲಿವಿಜನ್ ಸಂಸ್ಥೆಯಲ್ಲಿ ಒಂದು ವರ್ಷದ ಟೆಲಿವಿಜನ್ ನಿರ್ದೇಶನದ ಶಿಕ್ಷಣಕ್ಕೆ ಸೇರಿದರು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ ಎಂಬ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳು ಕೂಡಿ ವರ್ಷಾಂತ್ಯಕ್ಕೆ ಒಂದು ಚಿತ್ರ ಮಾಡಿ ಒಪ್ಪಿಸಬೇಕು. ಹಾಗೆ ಒಪ್ಪಿಸಿದ ಹದಿನಾರು ನಿಮಿಷಗಳ ಕನ್ನಡ ಚಿತ್ರವಿದು. 2024ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ 'ಲಾ ಸಿನೆಫ್'ನಲ್ಲಿ ಇದಕ್ಕೆ ಮೊದಲನೆಯ ಬಹುಮಾನ ಬಂದಿತು. 555 ಚಿತ್ರಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಆರಿಸಿದ 18ರಲ್ಲಿ ಇದು ಒಂದು. ಬಹುಮಾನದ ಸುದ್ದಿಯನ್ನು ಪತ್ರಿಕೆಗಳು ಬರೆದಿವೆ. ಕಥೆಯನ್ನು ಕುರಿತು ಆಡಬೇಕಾದ ಮಾತು ಇನ್ನೂ ಉಳಿದಿದೆ.

ತನ್ನ ಹುಂಜ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ ಮುದುಕಿಯ ಕಥೆ ವಾಚಕರಿಗೆಲ್ಲ ಗೊತ್ತು. ಊರಿನವರ ಮೇಲೆ ಸಿಟ್ಟಾಗಿ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಅವಳು ಅಡವಿಗೆ ಹೋಗುತ್ತಾಳೆ. ಊರಿನಲ್ಲಿ ಎಂದಿನಂತೆ ಬೆಳಗಾಗುತ್ತದೆ, ಅವಳ ಜಂಬ ಇಳಿಯುತ್ತದೆ. ನೀತಿ ಸ್ಪಷ್ಟವಾಗಿದೆ: ಯಾರಿಲ್ಲದಿದ್ದರೂ ಲೋಕ ನಡೆಯುತ್ತದೆ. ಆದರೆ ಈ ನೀತಿಯಲ್ಲಿ ಒಂದು ಕ್ರೌರ್ಯವೂ ಇದೆ. ನಗುವವರೆಲ್ಲ ಊರಿನವರು, ನಗೆಗೀಡಾದವಳು ಒಂಟಿ ಮುದುಕಿ.

ನಾಯ್ಕರ ಚಿತ್ರದಲ್ಲಿ ಮುದುಕಿ ಊರಿನ ಹುಂಜವನ್ನು ಕದಿಯುತ್ತಾಳೆ, ಸೂರ್ಯ ಹುಟ್ಟುವುದೇ ಇಲ್ಲ! ಈ ಒಂದು ತಿರುವಿನಿಂದ ಹಳೆಯ ಕಥೆಯ ನ್ಯಾಯವೆಲ್ಲ ಬುಡಮೇಲಾಗುತ್ತದೆ. ಜಂಬದ ಮಾತೆಂದು ನಾವು ನಕ್ಕದ್ದು ಇಲ್ಲಿ ನಿಜವಾಗಿಬಿಡುತ್ತದೆ. ಯಾರೂ ಲೆಕ್ಕಕ್ಕೆ ಹಿಡಿಯದ ಮುದುಕಿಯ ಕೈಯಲ್ಲಿ ಊರಿನ ಬೆಳಗು ಸಿಕ್ಕಿಕೊಳ್ಳುತ್ತದೆ. ಅದನ್ನು ಮರಳಿ ಪಡೆಯಲು ಊರು ಭವಿಷ್ಯವಾಣಿಯ ಮೊರೆಹೊಗುತ್ತದೆ, ಆಕೆಯ ಮನೆಮಂದಿಯನ್ನೇ ಗಡೀಪಾರು ಮಾಡುತ್ತದೆ. ಕಳವು ಒಬ್ಬಳದು, ದಂಡ ಮನೆತನಕ್ಕೆ. ಮಕ್ಕಳ ಕಥೆಯಂತೆ ಆರಂಭವಾದದ್ದು ಬಹಿಷ್ಕಾರದ ಕಥೆಯಾಗಿ ಬೆಳೆಯುವುದು ಹೀಗೆ. ಹಳ್ಳಿಯ ಬಾಳನ್ನು ಹತ್ತಿರದಿಂದ ಬಲ್ಲವರಿಗೆ ಇದರ ಧ್ವನಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆಸರಿನ ಔಚಿತ್ಯವನ್ನೂ ಗಮನಿಸಬೇಕು. ಸೂರ್ಯಕಾಂತಿ ನಮ್ಮ ಜನಪದ ಕಥೆಗಳ ಹಳೆಯ ಹೂವಲ್ಲ. ಅದು 1970ರ ದಶಕದಿಂದೀಚೆಗೆ ಕರ್ನಾಟಕದ ಹೊಲಗಳಲ್ಲಿ ಹಬ್ಬಿದ ಎಣ್ಣೆಕಾಳಿನ ಬೆಳೆ. ನಮ್ಮ ಕಡೆಯ ರೈತರ ಬಾಯಲ್ಲಿ ಅದು 'ಸೂರ್ಯಪಾನ'. ಎಳೆಯ ಗಿಡ ದಿನವಿಡೀ ಸೂರ್ಯನ ಹಿಂದೆ ಮುಖ ತಿರುಗಿಸುತ್ತದೆ, ಬಲಿತ ಹೂ ಮೂಡಣಕ್ಕೇ ಮುಖಮಾಡಿ ನಿಂತುಬಿಡುತ್ತದೆ. ಮೂಡಣ ದಿಕ್ಕನ್ನೇ ನೋಡುತ್ತ ನಿಂತವರಿಗಲ್ಲದೆ ಸೂರ್ಯ ಬಾರದ ಸುದ್ದಿ ಇನ್ನಾರಿಗೆ ಮೊದಲು ತಿಳಿದೀತು? ಹೊಸ ಬೆಳೆಯೊಂದನ್ನು ಹಳೆಯ ಕಥೆಗೆ ಇಷ್ಟು ಸಹಜವಾಗಿ ಬೆಸೆದದ್ದು ಕವಿಯ ಕೆಲಸವೆನ್ನಬೇಕು.

ಕೊರತೆಯಿಲ್ಲವೆಂದಲ್ಲ. ಮೈಲಾರದ ಕಾರಣಿಕ ಕೇಳಿ ಮಳೆಬೆಳೆಯ ಅಂದಾಜು ಕಟ್ಟುವ ನಮ್ಮವರಿಗೆ ಭವಿಷ್ಯವಾಣಿ ಅಪರಿಚಿತವಲ್ಲ, ನಿಜ. ಆದರೂ ಊರಿನವರ ಭಯದಿಂದಲೇ ಹುಟ್ಟಬಹುದಾಗಿದ್ದ ಶಿಕ್ಷೆಯನ್ನು ದೈವದ ಬಾಯಿಂದ ಹೇಳಿಸಿದಾಗ ಊರಿನ ಹೊಣೆ ತುಸು ಹಗುರವಾಗುತ್ತದೆ. ಹಳೆಯ ಕಥೆಗೆ ದೈವದ ನೆರವು ಬೇಕಿರಲಿಲ್ಲ, ಮನುಷ್ಯರ ಸ್ವಭಾವವೇ ಸಾಕಾಗಿತ್ತು.

ಚಿತ್ರೀಕರಣಕ್ಕೆ ದೊರೆತದ್ದು ನಾಲ್ಕೇ ದಿನ. ಈ ಚಿತ್ರ ಮಾಡಬೇಡವೆಂದು ತಮಗೆ ಹೇಳಲಾಗಿತ್ತೆಂದೂ, ಬಾಲ್ಯದಿಂದ ಈ ಕಥೆಯನ್ನು ಹೊತ್ತುಕೊಂಡು ಬಂದಿದ್ದೆನೆಂದೂ ನಾಯ್ಕರು ಬಹುಮಾನ ಬಂದಾಗ ಹೇಳಿದರು. ಬೇಡವೆಂದವರ ಅಂಜಿಕೆ ಅರ್ಥವಾಗದ್ದಲ್ಲ. ಸೂರ್ಯನಿಲ್ಲದ ಕಥೆಯೆಂದರೆ ಕತ್ತಲೆಯನ್ನೇ ಕಾಣಿಸಬೇಕು. ಅನುಭವಿಗಳೂ ಹಿಂಜರಿಯುವ ಕೆಲಸವದು. ಆದರೆ ಛಂದಸ್ಸಿನ ಕಟ್ಟು ಕವಿಗೆ ಹೇಗೋ ಹಾಗೆ ನಾಲ್ಕು ದಿನಗಳ ಕಟ್ಟು ಇವರಿಗೆ ಒದಗಿಬಂದಿದೆ. ಹೇಳಲೇಬೇಕಾದದ್ದು ಮಾತ್ರ ಉಳಿದಿದೆ.

ಇದಕ್ಕೆ ಕನ್ನಡದಲ್ಲಿ ಪೂರ್ವೋದಾಹರಣೆಯೂ ಉಂಟು. ಔಷಧಶಾಸ್ತ್ರ ಓದಿದ್ದ ಗಿರೀಶ ಕಾಸರವಳ್ಳಿಯವರು ಇದೇ ಪುಣೆಯ ಸಂಸ್ಥೆಯಲ್ಲಿ 1975ರಲ್ಲಿ ವ್ಯಾಸಂಗ ಮುಗಿಸಿದಾಗ ಮಾಡಿದ ವಿದ್ಯಾರ್ಥಿ ಚಿತ್ರ 'ಅವಶೇಷ'. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. ಎರಡೇ ವರ್ಷಗಳಲ್ಲಿ, 1977ರಲ್ಲಿ, ಅನಂತಮೂರ್ತಿಯವರ ಕಥೆಯನ್ನಾಧರಿಸಿದ 'ಘಟಶ್ರಾದ್ಧ' ಹೊರಬಂದು ಸ್ವರ್ಣಕಮಲ ಪಡೆಯಿತು. ಪರೀಕ್ಷೆಯ ಕೃತಿ ಕೆಲವೊಮ್ಮೆ ಒಬ್ಬ ಕಲಾವಿದನ ಮೊದಲ ಅಧ್ಯಾಯವಾಗಿರುತ್ತದೆ.

ಎಲ್ಲ ವಿದ್ಯಾರ್ಥಿಗಳೂ ಕಾಸರವಳ್ಳಿಯವರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಪುಣೆಯ ಉಪಕರಣಗಳಿಲ್ಲವೆಂಬುದು ನಮ್ಮ ಕಾಲೇಜುಗಳಿಗೆ ಸಬೂಬಾಗಲಾರದು. ಈ ಚಿತ್ರದ ಜೀವ ಕ್ಯಾಮೆರಾದಲ್ಲಿಲ್ಲ, ಹುಡುಗನೊಬ್ಬ ಮನೆಯ ಕಥೆಯನ್ನು ಮರೆಯದೆ, ಅದನ್ನು ಇದ್ದಂತೆಯೇ ಒಪ್ಪದೆ, ಎದುರು ಪ್ರಶ್ನೆ ಹಾಕಿದ್ದರಲ್ಲಿದೆ. ಅಣ್ಣಿಗೇರಿಯ ಹುಡುಗಿಯ ಕೈಯಲ್ಲಿಯೂ ಇಂದು ಮೊಬೈಲ್ ಇದೆ. ಹಂತಿಯ ಪದ, ಬೀಸುವ ಕಲ್ಲಿನ ಪದ, ಅಡುಗೆಮನೆಯ ಕಥೆ ಬಲ್ಲ ಮುದುಕಿಯರು ಅವಳ ಓಣಿಯಲ್ಲಿ ಇನ್ನೂ ಇದ್ದಾರೆ. ಅವಳು ಅದನ್ನು ಪ್ರಾಜೆಕ್ಟಿಗೆ ಆರಿಸಿಕೊಂಡು ಬಂದರೆ, 'ಸುಲಭದ ವಿಷಯ ತೊಗೊಳವ್ವಾ' ಎನ್ನದೆ, ಆ ಕಥೆಗೆ ನಿನ್ನ ಪ್ರಶ್ನೆ ಏನೆಂದು ನಾವು ಕೇಳಬೇಕು. ಆ ಮುದುಕಿಯರು ಇರುವಾಗಲೇ ಕೇಳಬೇಕು.