ಬೂದಿ ಎಲೆಯ ಮೇಲಿರುವಾಗಲೇ

ಮಾಗಿಯ ಚಳಿ ಇಳಿಯುವ ಹೊತ್ತಿಗೆ ಕುಂಬಳದ ಬಳ್ಳಿಯ ಬುಡದ ಎಲೆಗಳನ್ನು ಬಗ್ಗಿ ನೋಡಬೇಕು. ರೊಟ್ಟಿ ತಟ್ಟುವಾಗ ಸಿಡಿದ ಹಿಟ್ಟಿನಂಥ ಬಿಳಿ ಮಚ್ಚೆ ಕಂಡರೆ ಅದು ಬೂದಿ ರೋಗ. ಬೆರಳಿನಲ್ಲಿ ಉಜ್ಜಿದರೆ ಬೆರಳಿಗೇ ಅಂಟಿ ಬರುತ್ತದೆ. ಗಿಡಮೂಲಿಕೆ ಕಷಾಯ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಇದೇ ಸುಳಿವು.

ಎಷ್ಟೋ ಶಿಲೀಂಧ್ರಗಳು ಎಲೆಯೊಳಗೆ ಹೊಕ್ಕು ಬೆಳೆಯುತ್ತವೆ. ಕುಂಬಳದ ಬೂದಿ ರೋಗದ್ದು ಮಾತ್ರ ಎಲೆಯ ಮೇಲೇ ಹರಡಿಕೊಂಡು, ಮೇಲ್ಪದರದ ಜೀವಕೋಶಗಳಿಗೆ ಹೀರುಬೇರನ್ನಷ್ಟೇ ಇಳಿಸುತ್ತದೆ. ಮೈ ಹೊರಗಿರುವುದರಿಂದ ಸಿಂಪಡಿಸಿದ್ದು ಅದಕ್ಕೆ ತಗಲುತ್ತದೆ. ಟೊಮೆಟೊದ ಸೊರಗು ರೋಗ ಹಾಗಲ್ಲ. ಅದು ಮಣ್ಣಿನಿಂದ ಬೇರಿಗೆ, ಬೇರಿನಿಂದ ನೀರಿನ ನಾಳಗಳಿಗೆ ಸೇರಿಕೊಂಡಿರುತ್ತದೆ. ಎಲೆಗೆ ಎಷ್ಟು ಹೊಡೆದರೂ ಮುಟ್ಟದು. ಹತ್ತು ಬಗೆಯ ಸೊಪ್ಪು ಕೊಳೆಹಾಕಿ, ಎಲ್ಲ ರೋಗಕ್ಕೂ ಇದೊಂದೇ ಮದ್ದು ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ನನ್ನ ಮಟ್ಟಿಗೆ ಬೇವೇ ಮೊದಲು. ಮಳೆಗಾಲದ ಆರಂಭದಲ್ಲಿ ಉದುರುವ ಹಣ್ಣು ಆಯ್ದು, ಸಿಪ್ಪೆ-ಲೋಳೆ ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿಟ್ಟರೆ ಮಾಗಿಗೆ ಒದಗುತ್ತದೆ. ಲೀಟರ್ ನೀರಿಗೆ 50 ಗ್ರಾಂ ಒಳತಿರುಳು. ತರಿತರಿಯಾಗಿ ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ ಬೆಳಗ್ಗೆ ನೆನೆಹಾಕಿದರೆ ಸಂಜೆ ಹಿಂಡುವಾಗ ನೀರು ಹಾಲಿನ ಬಣ್ಣಕ್ಕೆ ತಿರುಗಿರುತ್ತದೆ. ಇದೇ ಶೇ. 5ರ ಕಷಾಯ. ಎಲೆಗೆ ಹತ್ತಿಕೊಳ್ಳಲು ಚೂರು ಅಂಟುವಾಳದ ನೊರೆ ಸಾಕು. ಸಿಂಪಡಿಸುವುದು ಸಂಜೆಯೇ ಏಕೆಂದರೆ, ಬೇವಿನ ಸತ್ವವಾದ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಒಡೆದುಹೋಗುತ್ತದೆ. ಎಲೆಯ ತಳಭಾಗವೂ ನೆನೆಯಬೇಕು. ಬಳ್ಳಿಯೆಲ್ಲ ಬೆಳ್ಳಗಾದ ಮೇಲೆ ಹೊಡೆದು ಬೇವನ್ನು ಬೈಯುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬೆಂಡೆಯ ಹಳದಿ ನಂಜು ರೋಗದ್ದು ಬೇರೆಯೇ ಲೆಕ್ಕ. ಎಲೆಯ ನರ ಹಳದಿಯಾದ ಗಿಡವನ್ನು ಯಾವ ಕಷಾಯವೂ ಉಳಿಸದು, ಕಿತ್ತು ಹಾಕಬೇಕು. ಆದರೆ ಆ ನಂಜನ್ನು ಗಿಡದಿಂದ ಗಿಡಕ್ಕೆ ಹೊರುವುದು ಬಿಳಿನೊಣ. ಬೇವು ಹೊಡೆದ ಎಲೆಯ ರಸ ಹೀರಲು ಅದು ಹಿಂಜರಿಯುತ್ತದೆ. ಹಾಗಾಗಿ ಸಸಿ ಎರಡೆಲೆ ಬಿಟ್ಟಾಗಲೇ ಶುರುಮಾಡಬೇಕು.

ಕಷಾಯಕ್ಕೆಂದು ಬೆಳ್ಳುಳ್ಳಿಯನ್ನು ಕುದಿಸುವವರಿಗೊಂದು ಮಾತು. ಇಡೀ ಎಸಳಿನಲ್ಲಿ ಅದರ ಮದ್ದಿನ ಸತ್ವವಾದ ಆಲಿಸಿನ್ ಇರುವುದೇ ಇಲ್ಲ. ಜಜ್ಜಿದಾಗ ಎಸಳಿನೊಳಗಿನ ಕಿಣ್ವವು ಅಲ್ಲೇ ಇರುವ ಆಲಿಯಿನ್ ಎಂಬ ಅಂಶದ ಜೊತೆ ಸೇರಿ ಅದು ಹುಟ್ಟುತ್ತದೆ. ಮೂಗಿಗೆ ಬಡಿಯುವ ಘಾಟು ಅದರದೇ. ಕುದಿಸಿದರೆ ಕಿಣ್ವ ಸಾಯುತ್ತದೆ. ಹಸಿಯಾಗಿ ಜಜ್ಜಿ, ಹತ್ತು ನಿಮಿಷ ಬಿಟ್ಟು, ನೀರು ಬೆರೆಸಿ ಸೋಸಿ, ಅಂದೇ ಬಳಸಿ. ಗಾಢವಾದರೆ ಎಲೆ ಸುಡುತ್ತದೆ, ಮೊದಲು ಒಂದೇ ಗಿಡಕ್ಕೆ ಹೊಡೆದು ನೋಡಿ.

ತಂಬಾಕಿನ ಕಷಾಯ ಮಾತ್ರ ಬೇಡವೇ ಬೇಡ. ಅದರ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಸೇರುವ ವಿಷ. ಸಾಲದ್ದಕ್ಕೆ, ತಂಬಾಕಿನ ಮೊಸಾಯಿಕ್ ನಂಜು ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಉಳಿದಿರುತ್ತದೆ. ಟೊಮೆಟೊ, ಮೆಣಸಿನಕಾಯಿ ಗಿಡಗಳು ಅದೇ ಕುಟುಂಬದವು, ಅವಕ್ಕೂ ಅಂಟಿಕೊಳ್ಳುತ್ತದೆ.