ಐದು ಸಾಮಾನು, ಒಂದು ಮಾರ್ಕರ್ ಪೆನ್ನು

ಕೊಯಮತ್ತೂರಿನಿಂದ ಪಾಲಕ್ಕಾಡಿನ ಕಡೆಗೆ ಹೊರಟ ಹೆದ್ದಾರಿ ನಗರದ ಗದ್ದಲ ಕಳಚಿಕೊಳ್ಳುವುದು ಮದುಕ್ಕರೈಯಲ್ಲಿ. 1934ರಿಂದ ಇರುವ ಎಸಿಸಿ ಸಿಮೆಂಟ್ ಕಾರ್ಖಾನೆ, ಅದಕ್ಕೆ ಕಲ್ಲು ಕೊಟ್ಟ ಸುಣ್ಣಕಲ್ಲಿನ ನೆಲ, ಆಚೆಗೆ ವಾಳಯಾರಿನ ಕೇರಳ ಗಡಿ. ನೀಲಂಬೂರಿನಿಂದ ನಗರವನ್ನು ಬಳಸಿಕೊಂಡು ಬರುವ ಸುಮಾರು 28 ಕಿಲೋಮೀಟರಿನ ಎಲ್ ಆ್ಯಂಡ್ ಟಿ ಬೈಪಾಸು ಮುಗಿಯುವುದೂ ಇಲ್ಲೇ. ಎರಡೇ ಪಥಕ್ಕೆ ಕಟ್ಟಿದ ಆ ರಸ್ತೆ ಎದುರುಬದುರು ಡಿಕ್ಕಿಗೆ ವರ್ಷಗಟ್ಟಲೆ ಕುಖ್ಯಾತಿ ಪಡೆದಿತ್ತು. ಮೈಸೂರು, ಚಾಮರಾಜನಗರದ ಅಯ್ಯಪ್ಪ ಮಾಲಾಧಾರಿಗಳು ದಿಂಬಂ ಘಟ್ಟ ಇಳಿದು, ಸತ್ಯಮಂಗಲ ದಾಟಿ ಶಬರಿಮಲೆಗೆ ಹೋಗುವ ದಾರಿಯಲ್ಲೂ ಮದುಕ್ಕರೈ ಬರುತ್ತದೆ. ಇಂಥ ಹೆದ್ದಾರಿಯಲ್ಲಿ ಗಾಡಿ ಮಗುಚಿದಾಗ ಎಷ್ಟೋ ಸಲ ಆಂಬುಲೆನ್ಸಿಗಿಂತ ಮೊದಲು ತಲುಪುವವರು ಗಸ್ತಿನ ಪೊಲೀಸರು. ಅವರ ಸೊಂಟದಲ್ಲಿ ಲಾಠಿ, ವಾಕಿಟಾಕಿಯ ಜತೆಗೆ ಇನ್ನೇನಿರಬೇಕು ಎಂಬುದು ಈ ವಾರದ ವಿಷಯ.

ಮೊದಲು ನಿಮಿಷಗಳ ಲೆಕ್ಕ. ವಯಸ್ಕರ ಮೈಯಲ್ಲಿ ಇರುವುದು ಸುಮಾರು ಐದು ಲೀಟರ್ ರಕ್ತ. ತೊಡೆಯ ದೊಡ್ಡ ರಕ್ತನಾಳ ಕತ್ತರಿಸಿಹೋದರೆ ಮೂರರಿಂದ ಐದು ನಿಮಿಷದಲ್ಲಿ ಜೀವ ಹೋಗಬಹುದು. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿಯ ಪ್ರಕಾರ ದೇಶದಲ್ಲಿ ಆ ವರ್ಷ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಅಪಘಾತಗಳ ಸಂಖ್ಯೆಯಲ್ಲಿ ಮೊದಲ ಸ್ಥಾನ ತಮಿಳುನಾಡಿನದು: 64,105.

ಆಸ್ಪತ್ರೆಯ ಬಾಗಿಲಿನಿಂದಾಚೆಗೆ ಸರಕಾರಗಳು ಸಾಕಷ್ಟು ಯೋಚಿಸಿವೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ಎರಡು ತುಂಡಾದರೂ ಅಂಗದಾನ ಮಾಡಿ ಎಂದು ಬೇಡಿಕೊಂಡ ಹರೀಶ್ ಅವರ ಹೆಸರಿನಲ್ಲಿ ಕರ್ನಾಟಕ ಅದೇ ವರ್ಷ ಸಾಂತ್ವನ ಯೋಜನೆ ತಂದಿತು. ಮೊದಲ 48 ಗಂಟೆಗೆ 25 ಸಾವಿರ ರೂಪಾಯಿವರೆಗಿನ ಚಿಕಿತ್ಸೆ ಅದರಲ್ಲಿ ಉಚಿತ. 2021ರ ಡಿಸೆಂಬರಿನಲ್ಲಿ ತಮಿಳುನಾಡು ‘ಇನ್ನುಯಿರ್ ಕಾಪ್ಪೋಮ್’ ಯೋಜನೆಯಲ್ಲಿ ಅದೇ 48 ಗಂಟೆಗೆ ಒಂದು ಲಕ್ಷದವರೆಗೆ ಭರಿಸತೊಡಗಿತು. ಕೊಯಮತ್ತೂರಿನಲ್ಲಂತೂ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. ನುಜ್ಜುಗುಜ್ಜಾದ ಕೈಕಾಲು ಉಳಿಸುವುದರಲ್ಲಿ ಜಗತ್ತಿಗೇ ಪಾಠ ಹೇಳುವ ಗಂಗಾ ಆಸ್ಪತ್ರೆಯೂ ಇದೆ. ಆದರೆ ಗಾಯಾಳು ಅಲ್ಲಿಗೆ ಉಸಿರಾಡುತ್ತಾ ತಲುಪಬೇಕು. ಡಾಂಬರಿನ ಮೇಲೆ ಬಿದ್ದ ಗಳಿಗೆಯಿಂದ 108ರ ಸ್ಟ್ರೆಚರ್ ಬರುವ ತನಕ ರಕ್ತ ಹಿಡಿದಿಡುವವರು ಯಾರಾದರೂ ಇರಬೇಕು.

ಪೊಲೀಸರಿಂದ ಅದು ಸಾಧ್ಯವೇ ಎನ್ನುವವರು ಅಮೆರಿಕದ ಟೂಸಾನ್ ನಗರದ ಪ್ರಕರಣ ನೋಡಬಹುದು. 2011ರ ಜನವರಿ 8ರಂದು ಅಲ್ಲಿನ ಸೂಪರ್‌ಮಾರ್ಕೆಟ್ಟಿನ ಮುಂದೆ ಸಂಸದೆ ಗ್ಯಾಬ್ರಿಯೆಲ್ ಗಿಫರ್ಡ್ಸ್ ಜನರನ್ನು ಮಾತಾಡಿಸುತ್ತಿದ್ದಾಗ ಒಬ್ಬ ಗುಂಡು ಹಾರಿಸಿದ. ಆರು ಜನ ಸತ್ತರು, ಗಿಫರ್ಡ್ಸ್ ಸೇರಿ ಹದಿಮೂರು ಜನರಿಗೆ ಗುಂಡು ತಗುಲಿತು. ಆಂಬುಲೆನ್ಸಿನವರಿಗೆ ಒಳಗೆ ಬರಲು ಅನುಮತಿ ಸಿಗುವ ಮೊದಲೇ ಪೀಮಾ ಕೌಂಟಿಯ ಶೆರಿಫ್ ಇಲಾಖೆಯ ಸಿಬ್ಬಂದಿ ಗಾಯಗಳಿಗೆ ಕೈಹಾಕಿದ್ದರು. ಕೆಲವೇ ತಿಂಗಳ ಹಿಂದೆ ಅವರಿಗೆ ಪುಟ್ಟ ಕಿಟ್ ಕೊಟ್ಟು, ಮೊದಲ ಐದು ನಿಮಿಷ ಏನು ಮಾಡಬೇಕೆಂದು ತರಬೇತಿ ನೀಡಲಾಗಿತ್ತು. ಅದನ್ನು ರೂಪಿಸಿದವರು ಅದೇ ಇಲಾಖೆಯ ಸ್ವಾಟ್ ತಂಡದ ವೈದ್ಯ ಸಹಾಯಕ ಡೇವಿಡ್ ಕ್ಲೈನ್‌ಮನ್. ಬೆಲೆ ಸುಮಾರು ನೂರು ಡಾಲರ್. ಒಳಗಿದ್ದದ್ದು ಒತ್ತು ಬ್ಯಾಂಡೇಜು, ರಕ್ತ ಹೆಪ್ಪುಗಟ್ಟಿಸುವ ಗಾಜು ಬಟ್ಟೆ, ಟೂರ್ನಿಕೆ, ಎದೆಗೆ ಅಂಟಿಸುವ ಸೀಲು, ಕತ್ತರಿ. ಐದೇ ಸಾಮಾನು.

ಆ ಪಟ್ಟಿಯನ್ನು ಹಾಗೇ ನಕಲು ಮಾಡಬೇಕಾಗಿಲ್ಲ. ಅಲ್ಲಿ ಗುಂಡಿನ ಭಯ ಹೆಚ್ಚು, ಇಲ್ಲಿ ಲಾರಿಯ ಚಕ್ರದ್ದು. ಕಲಿಯಬೇಕಾದದ್ದು ಅದರ ಜಿಪುಣತನ. ನಮ್ಮ ಜೀಪುಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಹತ್ತಿ, ಟಿಂಚರ್ ಅಯೋಡಿನ್, ಅಂಟುಪಟ್ಟಿ, ನೋವಿನ ಮಾತ್ರೆ ತುಂಬಿರುತ್ತವೆ. ಮೊಣಕಾಲು ತರಚಿದ್ದಕ್ಕೆ ಅವು ಸರಿ. ಜೀವ ತೆಗೆಯುವ ರಕ್ತಸ್ರಾವಕ್ಕೆ ಅದರಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಸಾಲದ್ದಕ್ಕೆ ಪೆಟ್ಟಿಗೆ ಹಿಂದಿನ ಸೀಟಿನಡಿ ಇರುತ್ತದೆ, ಪೊಲೀಸರು ರಸ್ತೆಯ ಇನ್ನೊಂದು ಬದಿಯಲ್ಲಿರುತ್ತಾರೆ. ಮೈಮೇಲೆ ಸದಾ ಇರುವಷ್ಟು ಸಣ್ಣದಾಗಿರಬೇಕು ಎಂಬುದೇ ಕಿಟ್ ಆರಿಸುವ ಮೊದಲ ನಿಯಮ.

ಪಟ್ಟಿಯ ತಲೆಯಲ್ಲಿ ಟೂರ್ನಿಕೆ. ಕೈಕಾಲಿನ ರಕ್ತಸ್ರಾವವನ್ನು ಹೊರಗಿನಿಂದ ಬಿಗಿದು ನಿಲ್ಲಿಸುವ ಪಟ್ಟಿ ಇದು. ಫ್ರಾನ್ಸಿನ ಶಸ್ತ್ರವೈದ್ಯ ಝಾನ್ ಲೂಯಿ ಪೆಟಿ ತಿರುಪು ಇರುವ ಟೂರ್ನಿಕೆ ರೂಪಿಸಿದ್ದು 1718ರಲ್ಲಿ. ಆದರೂ ಕೈಕಾಲು ಕಳೆದುಕೊಳ್ಳುವ ಭಯದಿಂದ ಬಹುಕಾಲ ವೈದ್ಯರೇ ಅದನ್ನು ಕೊನೆಯ ಉಪಾಯವೆಂದು ದೂರವಿಟ್ಟಿದ್ದರು. ಆ ಭಯ ಕಳೆದದ್ದು ಇರಾಕ್ ಯುದ್ಧದಲ್ಲಿ. ಅಮೆರಿಕದ ಸೇನಾ ವೈದ್ಯ ಜಾನ್ ಕ್ರಾಗ್ ಮತ್ತು ಸಂಗಡಿಗರು 2006ರಲ್ಲಿ ಬಾಗ್ದಾದಿನ ಆಸ್ಪತ್ರೆಗೆ ಬಂದ ಗಾಯಾಳುಗಳನ್ನು ಅಧ್ಯಯನ ಮಾಡಿದರು. ರಕ್ತ ಹೋಗಿ ಆಘಾತಕ್ಕೆ ಜಾರುವ ಮೊದಲೇ ಬಿಗಿದವರಲ್ಲಿ ಶೇ 90ರಷ್ಟು ಜನ ಉಳಿದಿದ್ದರು. ಜಾರಿದ ಮೇಲೆ ಬಿಗಿದವರಲ್ಲಿ ಶೇ 10ರಷ್ಟು. ಪೊಲೀಸರ ಸೊಂಟಕ್ಕೆ ಟೂರ್ನಿಕೆ ಬೇಕೆನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಆರಿಸಬಹುದಾದ ಒಳ್ಳೆಯವು ಮೂರಿವೆ. ಕ್ಯಾಟ್ ಎಂದು ಕರೆಯುವ ಕಾಂಬ್ಯಾಟ್ ಅಪ್ಲಿಕೇಶನ್ ಟೂರ್ನಿಕೆಯ ಏಳನೇ ಪೀಳಿಗೆ ಹಗುರ, 80 ಗ್ರಾಂ ಒಳಗೆ. ವೆಲ್ಕ್ರೋ ಪಟ್ಟಿ, ತಿರುಗಿಸುವ ಪ್ಲಾಸ್ಟಿಕ್ ಕಡ್ಡಿ. ಸಾಫ್ಟ್-ವೈಡ್ ಎಂಬುದರಲ್ಲಿ ಕಡ್ಡಿ ಅಲ್ಯೂಮಿನಿಯಂನದು, ಕೊಂಡಿ ಲೋಹದ್ದು. ಒರಟು ಬಳಕೆಗೆ ತಡೆಯುತ್ತದೆ. ಸ್ಯಾಮ್ ಎಕ್ಸ್‌ಟಿಯ ಕೊಂಡಿ ಸಾಕಷ್ಟು ಬಿಗಿಯಾದೊಡನೆ ತಾನೇ ಹಲ್ಲು ಕಚ್ಚಿ ನಿಲ್ಲುವುದರಿಂದ ಸಡಿಲ ಉಳಿಸುವ ತಪ್ಪು ಕಡಿಮೆ. ಮದುಕ್ಕರೈಯಂಥ ಠಾಣೆಗೆ ಈ ಅಂಕಣದ ಆಯ್ಕೆ ಕ್ಯಾಟ್. ಮೂರರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅದೇ, ಕಲಿಸುವವರು ಸಿಗುತ್ತಾರೆ, ಒಂದೇ ಕೈಯಲ್ಲಿ ಕಟ್ಟಿಕೊಳ್ಳಲು ಬರುತ್ತದೆ.

ಒಂದೇ ಕೈಯ ಮಾತು ಮುಖ್ಯ, ಏಕೆಂದರೆ ಗಾಯಾಳು ಪೊಲೀಸರೇ ಆಗಿರಬಹುದು. ಕನ್ನಡ ನಾಡಿಗೂ ಈ ಸೀಮೆಗೂ ನಡುವಿನ ಕಾಡು ಅದನ್ನು ಕಂಡಿದೆ. 1992ರ ಆಗಸ್ಟ್ 14ರಂದು ಮೀಣ್ಯದ ಬಳಿ ವೀರಪ್ಪನ್ ಒಡ್ಡಿದ ಹೊಂಚಿಗೆ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಮತ್ತು ಜತೆಗಾರರು ಬಲಿಯಾದರು. 1993ರ ಏಪ್ರಿಲ್ 9ರ ಪಾಲಾರ್ ನೆಲಬಾಂಬು ಸ್ಫೋಟದಲ್ಲಿ 22 ಜನ ಸತ್ತು, ತಂಡ ಮುನ್ನಡೆಸುತ್ತಿದ್ದ ‘ರ‍್ಯಾಂಬೊ’ ಗೋಪಾಲಕೃಷ್ಣನ್ ತೀವ್ರವಾಗಿ ಗಾಯಗೊಂಡರು. ಆಂಬುಲೆನ್ಸ್ ಸುಲಭಕ್ಕೆ ತಲುಪದ ಜಾಗದಲ್ಲಿ ಕೆಲಸ ಮಾಡುವವರು ತಮ್ಮ ಜೀವ ಕಾಯುವ ಸಾಮಾನನ್ನು ತಾವೇ ಹೊತ್ತಿರಬೇಕು.

ಕೊಳ್ಳುವಾಗ ಕಣ್ಣು ತೆರೆದಿರಬೇಕು. ಅಸಲಿ ಕ್ಯಾಟ್‌ಗೆ ಸುಮಾರು 30 ಡಾಲರ್ ಆಗುತ್ತದೆ. ಆನ್‌ಲೈನ್ ಅಂಗಡಿಗಳಲ್ಲಿ ಅದರ ಕಾಲುಭಾಗಕ್ಕೂ ಕಡಿಮೆಗೆ ಥೇಟ್ ಹಾಗೇ ಕಾಣುವ ನಕಲಿಗಳಿವೆ. ಕಡ್ಡಿಯನ್ನು ಎರಡು ಕೈಯಲ್ಲಿ ಹಿಡಿದು ಬಲವಾಗಿ ಬಗ್ಗಿಸಿ ನೋಡಿದರೆ ನಕಲಿ ಬಿಲ್ಲಿನಂತೆ ಬಾಗುತ್ತದೆ, ಅಸಲಿ ಬಗ್ಗದು. ಹೊಲಿಗೆ ಸಡಿಲ, ವೆಲ್ಕ್ರೋ ಬೇಗ ಬಿಡುತ್ತದೆ, ತಯಾರಿಕೆಯ ಲಾಟ್ ಸಂಖ್ಯೆ ಇರುವುದಿಲ್ಲ. ಕಡಿಮೆ ಬೆಲೆಗೆ ಕೂಗಿದವರಿಗೇ ಕೊಡುವ ಟೆಂಡರಿನಲ್ಲಿ ಇಂಥವು ನುಸುಳುವುದು ಸುಲಭ. ಖರೀದಿ ಆದೇಶದಲ್ಲೇ ತಯಾರಕರ ಹೆಸರು, ಪೀಳಿಗೆ, ಅಧಿಕೃತ ವಿತರಕರ ಪತ್ರ ಕೇಳಬೇಕು. ತುಂಬಿದ ಕಿಟ್ಟನ್ನು ಒಟ್ಟಾಗಿ ಕೊಳ್ಳುವ ಬದಲು ಬಿಡಿಬಿಡಿಯಾಗಿ ಕೊಂಡು ಠಾಣೆಯಲ್ಲೇ ಜೋಡಿಸಿದರೆ ಒಳಗೇನಿದೆಯೆಂದು ಎಲ್ಲರಿಗೂ ಗೊತ್ತಿರುತ್ತದೆ.

ಕಟ್ಟುವ ಕ್ರಮ ಕಠಿಣವಲ್ಲ. ಗಾಯಕ್ಕಿಂತ ಎರಡು ಮೂರು ಅಂಗುಲ ಮೇಲೆ, ಮೊಣಕಾಲು ಮೊಣಕೈಯ ಕೀಲನ್ನು ಬಿಟ್ಟು ಪಟ್ಟಿ ಸುತ್ತಬೇಕು. ಅಡಿಯಲ್ಲಿ ಬೆರಳು ತೂರದಷ್ಟು ಎಳೆದ ಮೇಲೆ ಕಡ್ಡಿ ತಿರುಗಿಸಬೇಕು. ಸಡಿಲ ಪೂರ್ತಿ ತೆಗೆದಿದ್ದರೆ ಎರಡು ಮೂರು ಸುತ್ತಿಗೆ ರಕ್ತ ನಿಲ್ಲುತ್ತದೆ. ನೋವು ಭಯಂಕರ. ಗಾಯಾಳು ಬಿಚ್ಚಿ ಎಂದು ಕೂಗುತ್ತಾನೆ. ಅಲ್ಲಿ ಕರುಣೆಗೆ ಸೋತು ಸಡಿಲಿಸಿದರೆ ರಕ್ತ ಮತ್ತೆ ಚಿಮ್ಮುತ್ತದೆ. ಕಡ್ಡಿಯನ್ನು ಕೊಂಡಿಗೆ ಸಿಕ್ಕಿಸಿ, ಬಿಗಿದ ಹೊತ್ತನ್ನು ಬರೆದು ವೈದ್ಯರಿಗೆ ಒಪ್ಪಿಸಬೇಕು. ಎರಡು ಗಂಟೆಯೊಳಗೆ ಆಸ್ಪತ್ರೆ ತಲುಪಿದರೆ ಕಾಲಿಗೆ ಅಪಾಯ ಕಡಿಮೆ. ಮದುಕ್ಕರೈಯಿಂದ ಕೊಯಮತ್ತೂರಿಗೆ ಅಷ್ಟು ಹೊತ್ತು ಬೇಕಿಲ್ಲ.

ಈ ಸೀಮೆಗೆಂದೇ ಒಂದು ಎಚ್ಚರಿಕೆ ಹೇಳಬೇಕು. ಪಶ್ಚಿಮ ಘಟ್ಟದ ತಪ್ಪಲಾದ ಇಲ್ಲಿ ಹಾವು ಕಡಿತವೂ ಇದೆ, ಕಡಿದ ಕೈಕಾಲಿಗೆ ಹಗ್ಗ ಬಿಗಿಯುವ ಹಳೆಯ ರೂಢಿಯೂ ಇದೆ. ಹಾವು ಕಡಿತಕ್ಕೆ ಟೂರ್ನಿಕೆ ಕೂಡದು ಎಂದು ಕೇಂದ್ರ ಸರಕಾರದ ಚಿಕಿತ್ಸಾ ಮಾರ್ಗಸೂಚಿಯೂ ವಿಶ್ವ ಆರೋಗ್ಯ ಸಂಸ್ಥೆಯೂ ಖಚಿತವಾಗಿ ಹೇಳಿವೆ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, ವಿಷನಿರೋಧಕ ಇರುವ ಆಸ್ಪತ್ರೆಗೆ ಒಯ್ಯಬೇಕು. ಕಿಟ್ ಕೊಡುವ ದಿನವೇ ಈ ಭೇದವನ್ನೂ ಹೇಳಿಕೊಡದಿದ್ದರೆ ಒಳ್ಳೆಯ ಸಾಮಾನೇ ಕೆಡುಕು ಮಾಡುತ್ತದೆ.

ಎರಡನೆಯದು ಗಾಜು, ಅಂದರೆ ಗಾಯಕ್ಕೆ ಇಡುವ ಜಾಳು ಬಟ್ಟೆ. ತೊಡೆಸಂದು, ಕಂಕುಳು, ಕತ್ತಿನ ಬುಡಕ್ಕೆ ಪಟ್ಟಿ ಬಿಗಿಯಲು ಬರುವುದಿಲ್ಲ. ಅಲ್ಲಿ ಗಾಯದೊಳಕ್ಕೇ ಬಟ್ಟೆ ತುರುಕಬೇಕು. ಗದ್ದೆಯ ಬದುವಿನಲ್ಲಿ ಏಡಿ ಬಿಲ ಕೊರೆದರೆ ರೈತ ಹೊರಗೆ ಮಣ್ಣು ಮೆತ್ತಿ ಸುಮ್ಮನಾಗುವುದಿಲ್ಲ, ನೀರು ಬರುವ ತುದಿಯ ತನಕ ಕೆಸರು ತುಂಬಿ ತುಳಿಯುತ್ತಾನೆ. ಗಾಜಿನ ಕೆಲಸವೂ ಹಾಗೇ: ರಕ್ತ ಉಕ್ಕುವ ತಳಕ್ಕೆ ಬೆರಳಿನಿಂದ ಒತ್ತುತ್ತಾ, ಇನ್ನು ಹಿಡಿಯದು ಎನ್ನುವ ತನಕ ತುಂಬಿ, ಮೇಲೆ ಎರಡೂ ಕೈಯಿಂದ ಮೈಭಾರ ಹಾಕಬೇಕು. ಔಷಧ ಲೇಪಿಸಿದ ಗಾಜಿಗೆ ಮೂರು ನಿಮಿಷದ ಒತ್ತಡ ಸಾಕು, ಸಾದಾ ಗಾಜಿಗೆ ಹೆಚ್ಚು ಹೊತ್ತು ಬೇಕು.

ಲೇಪನದಲ್ಲಿ ಮುಖ್ಯವಾಗಿ ಎರಡು ಬಗೆ. ಕ್ವಿಕ್‌ಕ್ಲಾಟ್ ಕಾಂಬ್ಯಾಟ್ ಗಾಜಿನಲ್ಲಿರುವುದು ಕೆಯೊಲಿನ್ ಎಂಬ ಬಿಳಿ ಜೇಡಿ. ಅದು ದೇಹದ ಹೆಪ್ಪುಗಟ್ಟುವ ಕ್ರಿಯೆಯನ್ನೇ ಚುರುಕುಗೊಳಿಸುತ್ತದೆ. ಸೀಲಾಕ್ಸ್‌ನಲ್ಲಿ ಸೀಗಡಿಯಂಥ ಚಿಪ್ಪು ಜೀವಿಗಳಿಂದ ತೆಗೆದ ಕೈಟೋಸಾನ್ ಇದೆ. ಅದು ರಕ್ತಕಣಗಳಿಗೆ ನೇರವಾಗಿ ಅಂಟಿಕೊಳ್ಳುತ್ತದೆ. ಭಾರತದಲ್ಲೇ ಆಕ್ಸಿಯೊ ಬಯೋಸಲ್ಯೂಷನ್ಸ್ ತಯಾರಿಸುವ ಆಕ್ಸಿಯೋಸ್ಟಾಟ್ ಕೂಡ ಕೈಟೋಸಾನಿನದೇ. ದೇಶದೊಳಗೆ ಸಿಗುವುದರಿಂದ ಅವಧಿ ಮೀರಿದ್ದನ್ನು ಬದಲಾಯಿಸುವುದು ಸುಲಭ. ಗಾಯಕ್ಕೆ ಸುರಿಯುವ ಪುಡಿ ಮಾತ್ರ ಬೇಡ. ಕ್ವಿಕ್‌ಕ್ಲಾಟ್‌ನ ಮೊದಲ ಪುಡಿರೂಪ ಗಾಯದಲ್ಲಿ ಕಾವೆದ್ದು ಸುಡುತ್ತಿತ್ತು. ಹಣ ಸಾಲದಿದ್ದರೆ ಒತ್ತಿ ಮಡಿಚಿದ ಸಾದಾ ಗಾಜಿನ ಎರಡು ಪೊಟ್ಟಣ ಇಟ್ಟರೂ ಸರಿ, ಒತ್ತುವ ಕೈ ಕಲಿತಿದ್ದರೆ.

ಮೂರನೆಯದು ಒತ್ತು ಬ್ಯಾಂಡೇಜು, ಇಸ್ರೇಲಿ ಬ್ಯಾಂಡೇಜ್ ಎಂದು ಹೆಸರಾದದ್ದು. ಎಳೆದರೆ ಹಿಗ್ಗುವ ಪಟ್ಟಿ, ನಡುವೆ ದಪ್ಪ ಗಾಜಿನ ಮೆತ್ತೆ, ಅದರ ಮೇಲೆ ಪ್ಲಾಸ್ಟಿಕ್ ಕೊಂಡಿ. ಪಟ್ಟಿಯನ್ನು ಕೊಂಡಿಗೆ ಹಾಯಿಸಿ ಹಿಂದಕ್ಕೆಳೆದರೆ ಒತ್ತಡ ಗಾಯದ ಮೇಲೆ ಬೀಳುತ್ತದೆ, ಪೊಲೀಸರ ಎರಡೂ ಕೈ ಮುಂದಿನ ಗಾಯಾಳುವಿಗೆ ಬಿಡುವಾಗುತ್ತವೆ. ಬಸ್ಸು ಮಗುಚಿದ ಜಾಗದಲ್ಲಿ ಅದು ದೊಡ್ಡ ಲಾಭ. ನಾಲ್ಕು ಅಂಗುಲದ್ದು ಪೌಚಿನಲ್ಲಿ ಹಿಡಿಯುತ್ತದೆ, ಆರು ಅಂಗುಲದ್ದು ಜೀಪಿಗೆ. ನಾಲ್ಕನೆಯದು ಎರಡು ಜೋಡಿ ನೈಟ್ರೈಲ್ ಕೈಗವಸು, ಐದನೆಯದು ಮೂತಿ ಮೊಂಡಾದ ಕತ್ತರಿ. ಜೀನ್ಸ್ ಕತ್ತರಿಸದೆ ಗಾಯ ಕಾಣುವುದಿಲ್ಲ, ಕಾಣದ ಗಾಯಕ್ಕೆ ಕಟ್ಟಲು ಬರುವುದಿಲ್ಲ. ಹೊತ್ತು ಬರೆಯಲು ಅಳಿಸದ ಮಾರ್ಕರ್ ಒಂದು.

ಟೂಸಾನಿನ ಪಟ್ಟಿಯಿಂದ ಸೊಂಟಕ್ಕೆ ಬೇಡವೆಂದು ಬಿಟ್ಟದ್ದು ಎದೆಯ ಸೀಲು. ಗುಂಡು, ಚೂರಿ ಎದೆಗೆ ತೂತು ಮಾಡಿದಾಗ ಅದು ಬೇಕು. ಡಿಕ್ಕಿಯಲ್ಲಿ ಎದೆಗೆ ಬೀಳುವುದು ಹೆಚ್ಚಾಗಿ ಮೊಂಡು ಪೆಟ್ಟು. ಗಾಳಿ ಹೊರಬಿಡುವ ಕಿಂಡಿಯಿರುವ ಎರಡು ಸೀಲು ಜೀಪಿನಲ್ಲಿರಲಿ. ಎದೆಗೆ ಚುಚ್ಚುವ ಸೂಜಿ, ಮೂಗಿಗೆ ತೂರಿಸುವ ನಳಿಗೆ ವೈದ್ಯಕೀಯ ತರಬೇತಿ ಇರುವವರ ಕೈಗೇ ಇರಬೇಕು.

ಪೌಚು ಎರಡೂ ಕೈಗೆ ಎಟುಕುವ ಕಡೆ, ಎಲ್ಲರಿಗೂ ಒಂದೇ ಜಾಗದಲ್ಲಿ ಇರಬೇಕು. ಬಿದ್ದ ಸಹೋದ್ಯೋಗಿಯ ಕಿಟ್ ಎಲ್ಲಿದೆಯೆಂದು ತಡಕಾಡುವಂತಾಗಬಾರದು, ಅವರ ಗಾಯಕ್ಕೆ ಅವರದೇ ಸಾಮಾನು ಬಳಸಬೇಕು. ಟೂರ್ನಿಕೆಯ ಪ್ಲಾಸ್ಟಿಕ್ ಹೊದಿಕೆ ಮೊದಲೇ ತೆಗೆದು, ಪಟ್ಟಿಯನ್ನು ಕುಣಿಕೆಯಾಗಿ ಮಡಿಚಿಡಬೇಕು. ರಕ್ತಮೆತ್ತಿದ ಬೆರಳಿಗೆ ಹೊದಿಕೆ ಹರಿಯಲು ಆಗುವುದಿಲ್ಲ. ಬಿಸಿಲಿಗೆ ಒಡ್ಡಿಕೊಂಡ ಪ್ಲಾಸ್ಟಿಕ್ ಸೆಡೆಯುತ್ತದೆ, ಅಂಟು ಒಣಗುತ್ತದೆ. ಆದ್ದರಿಂದ ಮುಚ್ಚಳವಿರುವ ಪೌಚೇ ಬೇಕು, ಜೀಪಿನ ಡ್ಯಾಷ್‌ಬೋರ್ಡ್ ಮೇಲೆ ಏನನ್ನೂ ಇಡಬಾರದು.

ಕಿಟ್ಟಿನ ಬೆಲೆ ಎಷ್ಟಿದ್ದರೂ ಪಳಗಿದ ಕೈ ಅದರ ಜತೆ ಬರುವುದಿಲ್ಲ. 2013ರ ಏಪ್ರಿಲ್ 15ರ ಬಾಸ್ಟನ್ ಮ್ಯಾರಥಾನ್ ಸ್ಫೋಟದಲ್ಲಿ ಸ್ಥಳದಲ್ಲೇ ಕಟ್ಟಿದ 27 ಟೂರ್ನಿಕೆಗಳೂ ಬೆಲ್ಟು, ಬಟ್ಟೆ, ರಬ್ಬರ್ ಕೊಳವೆಯಂಥ ಕೈಗೆ ಸಿಕ್ಕ ಸಾಮಾನಿನಿಂದ ಮಾಡಿದವು. ಧೈರ್ಯಕ್ಕೆ ಕೊರತೆಯಿರಲಿಲ್ಲ, ಸರಿಯಾದ ಸಾಧನ ಇರಲಿಲ್ಲ. ಕಪಾಟಿನಲ್ಲಿ ಸೀಲು ಒಡೆಯದ ಕಿಟ್ ಇದ್ದು ಕಟ್ಟಲು ಯಾರಿಗೂ ಬಾರದಿದ್ದರೆ ಕೊರತೆ ಇನ್ನೊಂದು ಬಗೆಯದು, ಫಲ ಮಾತ್ರ ಅದೇ. ಅಭ್ಯಾಸಕ್ಕೆಂದು ನೀಲಿ ಬಣ್ಣದ ಕ್ಯಾಟ್ ಪ್ರತ್ಯೇಕವಾಗಿ ಸಿಗುತ್ತದೆ. ನಿಜ ಬಳಕೆಯ ಕಪ್ಪಿನದನ್ನು ಅಭ್ಯಾಸಕ್ಕೆ ಬಿಗಿದು ಬಿಚ್ಚಿ ಮತ್ತೆ ಪೌಚಿಗೆ ಹಾಕಬಾರದು. ಠಾಣೆಗೆ ಎರಡು ನೀಲಿ ಟೂರ್ನಿಕೆ, ತಿಂಗಳಿಗೊಮ್ಮೆ ಪೆರೇಡಿನ ನಂತರ ಅರ್ಧ ಗಂಟೆ, ಬಲಗೈಯಲ್ಲೊಮ್ಮೆ, ಎಡಗೈಯಲ್ಲೊಮ್ಮೆ, ಕತ್ತಲಲ್ಲೊಮ್ಮೆ. ಗಾಜು, ಸೀಲಿನ ಅವಧಿ ಮುಗಿಯುವ ದಿನಾಂಕಗಳನ್ನು ಠಾಣೆಯ ದಾಸ್ತಾನು ಪುಸ್ತಕದಲ್ಲೇ ಬರೆದು ಬದಲಿ ಸಾಮಾನಿಗೆ ಬಜೆಟ್ಟಿನಲ್ಲಿ ಹಣ ಕಾದಿರಿಸಬೇಕು. ಎಲ್ಲ ಠಾಣೆಗಳಿಗೂ ಒಟ್ಟಿಗೆ ಕೊಡಲಾಗದಿದ್ದರೆ ಮೊದಲ ಕಂತು ನೀಲಂಬೂರು–ಮದುಕ್ಕರೈ–ವಾಳಯಾರಿನಂಥ ಹೆದ್ದಾರಿ ಗಸ್ತುಗಳಿಗೆ ಸಲ್ಲಲಿ, ಅದರಲ್ಲೂ ರಾತ್ರಿ ಪಾಳಿಯವರಿಗೆ.